ಕುದುರೆ ಉದ್ಯಮಕ್ಕೆ ಸ್ವಯಂಸೇವಾ ಸಲಹೆಗಾರರು: ಗುಂಪು ಕಟ್ಟುವುದರಿಂದ ಲಾಯದ ಬಾಗಿಲಿನವರೆಗೆ

ನಿಮ್ಮ ಪ್ರದೇಶದಲ್ಲಿ ಒಟ್ಟು ಎಷ್ಟು ಕುದುರೆಗಳಿವೆ? ಕುದುರೆ ಕೆಲಸದಲ್ಲೇ ಇರುವ ಹತ್ತು ಜನರನ್ನು ಕೇಳಿ ನೋಡಿ. ಹತ್ತು ಉತ್ತರ ಸಿಗುತ್ತದೆ. ರೇಸಿನವರಿಗೆ ರೇಸಿನ ಕುದುರೆಗಳ ಲೆಕ್ಕ ಗೊತ್ತು. ಸವಾರಿ ಶಾಲೆಯವರಿಗೆ ತಮ್ಮ ಲಾಯದ್ದು ಗೊತ್ತು. ಗಾಡಿ ಎಳೆಯುವ ಕುದುರೆ, ಮನೆಯ ಹಿಂದೆ ಸುಮ್ನೆ ಪ್ರೀತಿಗೆ ಕಟ್ಟಿಕೊಂಡ ಕುದುರೆ, ವಯಸ್ಸಾಗಿ ಮೂಲೆ ಸೇರಿದ ಕುದುರೆ ಮಾತ್ರ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಎಷ್ಟಿವೆ ಅಂತಲೇ ಗೊತ್ತಿಲ್ಲದ ಮೇಲೆ, ಅವುಗಳಿಗೆ ಏನು ಬೇಕು ಅಂತ ಹೇಳುವವರು ಯಾರು?

ಸ್ವಯಂಸೇವಾ ಸಲಹೆಗಾರರ ಗುಂಪಿಗೆ ಕೆಲಸ ಇರುವುದು ಇಲ್ಲೇ. ಇವರಿಗೆ ಸಂಬಳವಿಲ್ಲ, ಅಧಿಕಾರವೂ ಇಲ್ಲ. ಇರುವುದು ಕುದುರೆಯ ಜೊತೆ ವರ್ಷಗಟ್ಟಲೆ ಬದುಕಿದ ಅನುಭವ. ಅದನ್ನು ಒಂದು ಕಡೆ ಸೇರಿಸಿ, ನಿರ್ಧಾರ ಮಾಡುವ ಇಲಾಖೆಗೋ ಒಕ್ಕೂಟಕ್ಕೋ ತರಬೇತಿ ಸಂಸ್ಥೆಗೋ ಉಪಯೋಗಕ್ಕೆ ಬರುವ ಹಾಗೆ ಹೇಳಬೇಕು. ಕೇಳಲು ಸುಲಭ ಅನಿಸುತ್ತದೆ. ಆದರೆ ಇಂಥ ಎಷ್ಟೋ ಗುಂಪುಗಳು ವರ್ಷ ತುಂಬುವ ಮೊದಲೇ ಹರಟೆಕಟ್ಟೆ ಆಗಿಬಿಡುತ್ತವೆ.

ಇಂಥ ಗುಂಪು ಕಟ್ಟುವವರಿಗೆ, ಅದಕ್ಕೆ ಸೇರುವವರಿಗೆ ಈ ಮಾರ್ಗದರ್ಶಿ. ನನ್ನ ಅಳತೆಗೋಲು ಒಂದೇ. ಗುಂಪು ಕೊಟ್ಟ ಸಲಹೆ ಲಾಯದ ಬಾಗಿಲು ದಾಟಿ ಒಳಗೆ ಹೋಯಿತಾ, ಇಲ್ಲವಾ? ಮುಂದಿನ ಎಲ್ಲ ಹೆಜ್ಜೆಗಳನ್ನೂ ಈ ಪ್ರಶ್ನೆ ಇಟ್ಟುಕೊಂಡೇ ಓದಿ.

ಹೆಜ್ಜೆ 1: ಯಾರಿಗೆ ಸಲಹೆ ಅನ್ನುವುದನ್ನು ಒಂದು ಪುಟದಲ್ಲಿ ಬರೆಯಿರಿ

ಜನ ಸೇರಿಸುವ ಮೊದಲು ಕಾಗದ ಬರಬೇಕು. ಒಂದೇ ಪುಟ ಸಾಕು. ಅದರಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಇರಲಿ. ಈ ಗುಂಪಿನ ಸಲಹೆ ಕೇಳುವವರು ಯಾರು? ಯಾವ ವಿಷಯಗಳ ಬಗ್ಗೆ? ಸಲಹೆ ಕೊಟ್ಟ ಮೇಲೆ ಎಷ್ಟು ದಿನದೊಳಗೆ ಉತ್ತರ ಬರಬೇಕು? ಗುಂಪು ಏನು ಮಾಡಬಾರದು?

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಸಲಹೆ ಒಪ್ಪಬೇಕು ಅಂತ ಯಾರನ್ನೂ ಕಟ್ಟಿಹಾಕಲು ಆಗುವುದಿಲ್ಲ. ಆದರೆ ಒಪ್ಪುತ್ತೇವೋ ಇಲ್ಲವೋ, ಇಲ್ಲದಿದ್ದರೆ ಯಾಕೆ ಅನ್ನುವುದನ್ನು ಬರವಣಿಗೆಯಲ್ಲಿ ತಿಳಿಸಿ ಅಂತ ಕೇಳಬಹುದು. 45 ದಿನ ಅಥವಾ 60 ದಿನ ಅಂತ ಮೊದಲೇ ಮಾತಾಡಿಕೊಂಡರೆ ಮುಂದೆ ಬೇಸರ ಕಡಿಮೆ. ಈ ಒಂದು ಸಾಲು ಇಲ್ಲದ ಗುಂಪಿನ ಪತ್ರಗಳು ಯಾವುದೋ ಕಡತದಲ್ಲಿ ಮಲಗುತ್ತವೆ.

ಮಾಡಬಾರದ್ದರ ಪಟ್ಟಿಯಲ್ಲಿ ಇವು ಇರಲೇಬೇಕು: ಕುದುರೆಗೆ ಚಿಕಿತ್ಸೆ ಹೇಳಬಾರದು, ಔಷಧದ ಪ್ರಮಾಣ ಹೇಳಬಾರದು, ಮಾರಾಟದಲ್ಲಿ ಮಧ್ಯಸ್ಥಿಕೆ ಮಾಡಬಾರದು, ಗುಂಪಿನ ಹೆಸರಿನಲ್ಲಿ ಒಬ್ಬರೇ ಹೇಳಿಕೆ ಕೊಡಬಾರದು. "ನೀವು ಸಲಹೆಗಾರರಲ್ವಾ, ನನ್ನ ಕುದುರೆ ಕುಂಟುತ್ತಿದೆ, ಏನು ಹಚ್ಚಲಿ?" ಅಂತ ಕೇಳುವವರು ಬಂದೇ ಬರುತ್ತಾರೆ. ಪಶುವೈದ್ಯರನ್ನು ಕರೆಯಿರಿ ಅನ್ನುವುದೊಂದೇ ಅದಕ್ಕೆ ಉತ್ತರ.

ಹೆಜ್ಜೆ 2: ಯಾರನ್ನು ಕೂರಿಸಬೇಕು

9 ರಿಂದ 11 ಜನ ಸಾಕು. ಅದಕ್ಕಿಂತ ಜಾಸ್ತಿ ಆದರೆ ಗುಂಪಿನಲ್ಲಿ ಗೋವಿಂದ ಅನ್ನುವವರು ಜಾಸ್ತಿ ಆಗುತ್ತಾರೆ. ಕಡಿಮೆಯಾದರೆ ಇಬ್ಬರು ಬಾರದ ದಿನ ಸಭೆಯೇ ನಡೆಯುವುದಿಲ್ಲ.

ಹೆಸರು ಮಾಡಿದ ಸವಾರರು, ದೊಡ್ಡ ತಳಿ ಸಾಕಣೆದಾರರು, ಕ್ಲಬ್ಬಿನ ಪದಾಧಿಕಾರಿಗಳು ತಾವಾಗಿಯೇ ಬರುತ್ತಾರೆ. ಅವರನ್ನು ಹುಡುಕಬೇಕಿಲ್ಲ. ಹುಡುಕಬೇಕಾದವರು ಬೇರೆ. ಲಾಳ ಕಟ್ಟುವವರನ್ನು ಹುಡುಕಿ. ಗೊರಸನ್ನು ಸಾಮಾನ್ಯವಾಗಿ 6 ರಿಂದ 8 ವಾರಕ್ಕೊಮ್ಮೆ ಕೆತ್ತಬೇಕಾಗುತ್ತದೆ. ಹಾಗಾಗಿ ಲಾಳ ಕಟ್ಟುವವರು ವರ್ಷಕ್ಕೆ ಆರರಿಂದ ಎಂಟು ಸಲ ಒಂದೊಂದು ಲಾಯದ ಒಳಗೆ ಕಾಲಿಡುತ್ತಾರೆ. ಯಾವ ಲಾಯದಲ್ಲಿ ನೆಲ ಒದ್ದೆ, ಯಾವ ಕುದುರೆ ಸೊರಗಿದೆ, ಯಾರು ಸಾಕಲಾರದೆ ಒದ್ದಾಡುತ್ತಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಹಾಗೆಯೇ ದಿನವೂ ಕುದುರೆ ತೊಳೆದು, ಉಜ್ಜಿ, ಮೇವು ಹಾಕುವ ಕೆಲಸಗಾರರು. ಹುಲ್ಲು ಬೆಳೆಯುವ ರೈತರು. ಕುದುರೆ ಸಾಗಿಸುವ ವಾಹನದವರು. ಗಾಡಿ ಕುದುರೆ ಇಟ್ಟುಕೊಂಡವರು. ಬೇಡವಾದ ಕುದುರೆಗಳಿಗೆ ಆಸರೆ ಕೊಡುವವರು. ಒಬ್ಬ ಪಶುವೈದ್ಯರು ಕಡ್ಡಾಯ. ಇಪ್ಪತ್ತೈದರ ಒಳಗಿನ ಒಬ್ಬರಾದರೂ ಇರಲಿ.

ದಿನಗೂಲಿ ಮೇಲೆ ಬದುಕುವವರನ್ನು ಸಂಬಳವಿಲ್ಲದ ಸಭೆಗೆ ಕರೆದರೆ ಹೇಗೆ ಬರುತ್ತಾರೆ? ಇಲ್ಲಿ ಸ್ವಯಂಸೇವೆ ಅನ್ನುವ ಮಾತು ಸ್ವಲ್ಪ ಕ್ರೂರವಾಗಿಬಿಡುತ್ತದೆ. ಪ್ರಯಾಣದ ಖರ್ಚು ಎಲ್ಲರಿಗೂ ಕೊಡಿ. ಕೆಲಸದ ಹೊತ್ತು ಬಿಟ್ಟು ಸಭೆ ಇಡಿ. ಬೆಳಗಿನ ಮತ್ತು ಸಂಜೆಯ ಮೇವಿನ ಹೊತ್ತಿನಲ್ಲಿ ಸಭೆ ಕರೆಯುವವರಿಗೆ ಲಾಯದ ದಿನಚರಿ ಗೊತ್ತಿಲ್ಲ ಎಂದೇ ಅರ್ಥ.

ಅವಧಿ ಮೂರು ವರ್ಷ ಇರಲಿ, ಪ್ರತಿ ವರ್ಷ ಮೂರನೇ ಒಂದು ಭಾಗ ಬದಲಾಗಲಿ. ಮೊದಲ ಸಲ ಯಾರಿಗೆ ಒಂದು ವರ್ಷ, ಯಾರಿಗೆ ಎರಡು, ಯಾರಿಗೆ ಮೂರು ಅಂತ ಚೀಟಿ ಎತ್ತಿ ನಿರ್ಧರಿಸಿ. ಎಲ್ಲರೂ ಒಟ್ಟಿಗೆ ಬಂದು ಒಟ್ಟಿಗೆ ಹೋದರೆ ಕಲಿತದ್ದೂ ಅವರ ಜೊತೆಗೇ ಹೋಗುತ್ತದೆ.

ಹೆಜ್ಜೆ 3: ಯಾರ ಲಾಭ ಎಲ್ಲಿದೆ ಅನ್ನುವುದನ್ನು ಮೊದಲ ದಿನವೇ ಹೇಳಿಸಿ

ಕುದುರೆ ಲೋಕ ಚಿಕ್ಕದು. ಸಲಹೆಗಾರರಲ್ಲಿ ಒಬ್ಬರು ಮೇವು ಮಾರುತ್ತಾರೆ, ಇನ್ನೊಬ್ಬರು ಮರಿ ಮಾರುತ್ತಾರೆ, ಮತ್ತೊಬ್ಬರ ಅಳಿಯ ಸವಾರಿ ಶಾಲೆ ನಡೆಸುತ್ತಾರೆ. ಇದು ತಪ್ಪಲ್ಲ. ಲಾಭವೇ ಇಲ್ಲದವರನ್ನು ಹುಡುಕಿದರೆ ಕುದುರೆಯ ಗಂಧವೇ ಇಲ್ಲದವರು ಸಿಗುತ್ತಾರೆ. ಮುಚ್ಚಿಡುವುದು ಮಾತ್ರ ತಪ್ಪು.

ಒಂದು ಪುಸ್ತಕ ಇಡಿ. ಪ್ರತಿಯೊಬ್ಬರೂ ತಮ್ಮ ವ್ಯವಹಾರ, ಮನೆಯವರ ವ್ಯವಹಾರ, ತಾವು ಪದಾಧಿಕಾರಿಯಾಗಿರುವ ಸಂಘಗಳನ್ನು ಬರೆಯಲಿ. ವರ್ಷಕ್ಕೊಮ್ಮೆ ತಿದ್ದಲಿ. ಮೇವಿನ ಗುಣಮಟ್ಟದ ವಿಷಯ ಬಂದಾಗ ಮೇವು ಮಾರುವವರು ತಮಗೆ ತಿಳಿದದ್ದನ್ನು ಹೇಳಲಿ. ನಿರ್ಧಾರದ ಹೊತ್ತಿಗೆ ಹೊರಗೆ ಹೋಗಲಿ. ಹೋದದ್ದು ದಾಖಲಾಗಲಿ.

ಹೆಜ್ಜೆ 4: ಎಣಿಸಿ

ಮೊದಲ ಆರು ತಿಂಗಳಲ್ಲಿ ಬೇರೆ ಏನೂ ಮಾಡದಿದ್ದರೂ ಪರವಾಗಿಲ್ಲ, ಇದನ್ನು ಮಾಡಿ. ಕುದುರೆ ಎಷ್ಟು, ಎಲ್ಲೆಲ್ಲಿ, ಯಾವ ಕೆಲಸಕ್ಕೆ, ವಯಸ್ಸು ಎಷ್ಟು, ನೋಡಿಕೊಳ್ಳುವವರು ಯಾರು, ಪಶುವೈದ್ಯರು ಎಷ್ಟು ದೂರ. ಇಷ್ಟೇ ಪ್ರಶ್ನೆ. ಹಾಳೆ ಒಂದು ಬದಿಗಿಂತ ಉದ್ದವಾದರೆ ಯಾರೂ ತುಂಬುವುದಿಲ್ಲ.

ಲೆಕ್ಕ ಅಂದ ತಕ್ಷಣ ಸಾಕುವವರಿಗೆ ತೆರಿಗೆಯ ಭಯ, ಪರವಾನಗಿಯ ಭಯ. ಹಾಗಾಗಿ ಮಾಹಿತಿ ಎಲ್ಲಿ ಇರುತ್ತದೆ, ಯಾರು ನೋಡುತ್ತಾರೆ, ಹೆಸರು ಹೊರಗೆ ಹೋಗುತ್ತದೆಯಾ ಅನ್ನುವುದನ್ನು ಹಾಳೆಯ ತಲೆಯಲ್ಲೇ ಬರೆಯಿರಿ. ಬರೆದ ಮಾತಿಗೆ ನಡೆದುಕೊಳ್ಳಿ. ಒಂದು ಸಲ ಹೆಸರು ಸೋರಿದರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ಕುದುರೆಗಳ ಸಂಖ್ಯೆ ಸಿಕ್ಕ ಮೇಲೆ ಉದ್ಯಮದ ಗಾತ್ರ ತಾನಾಗಿ ಕಾಣುತ್ತದೆ. 500 ಕಿಲೋ ತೂಕದ ಒಂದು ಕುದುರೆ ದಿನಕ್ಕೆ ತನ್ನ ತೂಕದ ಸುಮಾರು ಶೇ 2 ರಷ್ಟು, ಅಂದರೆ 10 ಕಿಲೋ ಒಣ ಆಹಾರ ತಿನ್ನುತ್ತದೆ. ಅದರಲ್ಲಿ ಕನಿಷ್ಠ ಏಳೂವರೆ ಕಿಲೋ ಹುಲ್ಲೇ ಇರಬೇಕು. ನೀರು 25 ರಿಂದ 45 ಲೀಟರ್, ಸೆಕೆ ಮತ್ತು ದುಡಿಮೆ ಇದ್ದಾಗ ಇನ್ನೂ ಜಾಸ್ತಿ. ಲದ್ದಿ ಮತ್ತು ಗಂಜಲ ಸೇರಿ ದಿನಕ್ಕೆ ಇಪ್ಪತ್ತು ಕಿಲೋಗೂ ಮೇಲೆ. ಈಗ ಇದನ್ನು 400 ಕುದುರೆಗಳಿಗೆ ಗುಣಿಸಿ. ದಿನಕ್ಕೆ 3 ಟನ್ ಹುಲ್ಲು ಬೇಕು, 8 ಟನ್‌ಗೂ ಜಾಸ್ತಿ ಲದ್ದಿ-ಗಂಜಲ ಹೊರಗೆ ಬೀಳುತ್ತದೆ. "ಕುದುರೆ ಅಂದರೆ ಶೋಕಿ" ಅನ್ನುವ ಅಧಿಕಾರಿಯ ಎದುರು ಈ ಲೆಕ್ಕ ಇಡಿ. ಹುಲ್ಲು ಬೆಳೆಯುವವರು, ಸಾಗಿಸುವವರು, ಗೊಬ್ಬರ ಕೊಳ್ಳುವವರು ಎಲ್ಲರೂ ಅದರೊಳಗೆ ಇದ್ದಾರೆ.

ವಯಸ್ಸಿನ ಲೆಕ್ಕವನ್ನೂ ಬಿಡಬೇಡಿ. ಕುದುರೆಯ ಗರ್ಭ ಸುಮಾರು 11 ತಿಂಗಳು. ಮರಿ ಹುಟ್ಟಿ, ಬೆಳೆದು, ಬೆನ್ನ ಮೇಲೆ ಸವಾರನನ್ನು ಹೊರುವ ಹೊತ್ತಿಗೆ ಇನ್ನೂ ಮೂರು ನಾಲ್ಕು ವರ್ಷ. ಅಂದರೆ ಇವತ್ತು ಬೇಡಿಕೆ ಇದೆ ಅಂತ ತಳಿ ಹೆಚ್ಚಿಸಿದರೆ ಅದು ಮಾರುಕಟ್ಟೆಗೆ ಬರುವುದು ನಾಲ್ಕೈದು ವರ್ಷದ ಮೇಲೆ. ಆಗ ಬೇಡಿಕೆ ಇಲ್ಲದಿದ್ದರೆ? ಕುದುರೆ 25-30 ವರ್ಷ ಬದುಕುವ ಪ್ರಾಣಿ. ದುಡಿಯುವ ವಯಸ್ಸು ಮುಗಿದ ಮೇಲೆ ಹತ್ತು ವರ್ಷವಾದರೂ ಅದಕ್ಕೆ ಹುಲ್ಲು ಹಾಕುವವರು ಬೇಕು. ತಳಿ ಸಾಕಣೆ ಬಗ್ಗೆ ಸಲಹೆ ಕೊಡುವಾಗ ನಿವೃತ್ತ ಕುದುರೆಗಳ ಬಗ್ಗೆಯೂ ಅದೇ ಪತ್ರದಲ್ಲಿ ಬರೆಯಬೇಕು ಅನ್ನುವುದು ನನ್ನ ಹಟ.

ಹೆಜ್ಜೆ 5: ಎಲ್ಲರೂ ಒಂದೇ ಅಳತೆ ಕಲಿಯಿರಿ

ಒಬ್ಬರು "ಕುದುರೆ ಚೆನ್ನಾಗಿದೆ" ಅನ್ನುತ್ತಾರೆ. ಅದೇ ಕುದುರೆ ನೋಡಿ ಇನ್ನೊಬ್ಬರು "ಬಡಕಲು" ಅನ್ನುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇಂಥ ವಾದದಲ್ಲಿ ಎರಡು ಸಭೆ ಹಾಳಾದದ್ದನ್ನು ನೋಡಿದ್ದೇನೆ.

1983 ರಲ್ಲಿ ಡಾನ್ ಹೆನೆಕೆ ಮತ್ತು ಜೊತೆಯವರು ಪ್ರಕಟಿಸಿದ ಮೈಕಟ್ಟಿನ ಅಂಕ ಪದ್ಧತಿ ಇದಕ್ಕೆ ಮದ್ದು. 1 ಅಂದರೆ ಎಲುಬಿನ ಗೂಡು, 9 ಅಂದರೆ ವಿಪರೀತ ಕೊಬ್ಬು, 5 ಹದ. ಕುತ್ತಿಗೆ, ಹೆಗಲಿನ ಮೇಲಿನ ಉಬ್ಬು, ಭುಜದ ಹಿಂದೆ, ಪಕ್ಕೆಲುಬು, ಸೊಂಟ, ಬಾಲದ ಬುಡ ಈ ಆರು ಜಾಗ ನೋಡಬೇಕು, ಕೈಯಿಂದ ಮುಟ್ಟಬೇಕು. 5 ಅಂಕದ ಕುದುರೆಯ ಪಕ್ಕೆಲುಬು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸುಲಭವಾಗಿ ಸಿಗುತ್ತದೆ. ರೋಮ ದಟ್ಟವಾಗಿರುವ ಕುದುರೆಯನ್ನು ಬರೀ ಕಣ್ಣಿಂದ ಅಳೆದರೆ ಮೋಸ ಹೋಗುತ್ತೀರಿ.

ತೂಕಕ್ಕೆ ತಕ್ಕಡಿ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 11,880 ರಿಂದ ಭಾಗಿಸಿ. ಸುತ್ತಳತೆ 180, ಉದ್ದ 165 ಇದ್ದರೆ 450 ಕಿಲೋ. ಇದು ಅಂದಾಜು, ಆದರೆ ಕಣ್ಣಂದಾಜಿಗಿಂತ ಎಷ್ಟೋ ಮೇಲು. ಜಂತುಹುಳದ ಔಷಧವನ್ನು ಕಡಿಮೆ ತೂಕ ಅಂದುಕೊಂಡು ಕಡಿಮೆ ಕೊಟ್ಟರೆ ಹುಳುಗಳು ಸಾಯದೆ, ಔಷಧಕ್ಕೆ ಒಗ್ಗಿಕೊಳ್ಳುತ್ತವೆ. ಆಮೇಲೆ ಇಡೀ ಪ್ರದೇಶಕ್ಕೆ ತೊಂದರೆ.

ಇನ್ನು ಮೂರು ಸಂಖ್ಯೆ ಬಾಯಿಪಾಠ ಇರಲಿ. ಆರಾಮವಾಗಿ ನಿಂತ ದೊಡ್ಡ ಕುದುರೆಯ ಮೈಬಿಸಿ 37.5 ರಿಂದ 38.5 ಡಿಗ್ರಿ ಸೆಲ್ಸಿಯಸ್. ಎದೆಬಡಿತ ನಿಮಿಷಕ್ಕೆ 28 ರಿಂದ 44. ಉಸಿರು 8 ರಿಂದ 16. ನೀವು ವೈದ್ಯರಾಗಬೇಕಿಲ್ಲ. ವೈದ್ಯರಿಗೆ ಫೋನ್ ಮಾಡುವವರು "ಯಾಕೋ ಸಪ್ಪಗಿದೆ" ಅನ್ನುವ ಬದಲು ಈ ಮೂರು ಸಂಖ್ಯೆ ಹೇಳುವ ಹಾಗಾದರೆ ಅದೇ ದೊಡ್ಡ ಸಹಾಯ.

ಹೆಜ್ಜೆ 6: ವರ್ಷಕ್ಕೆ ಮೂರೇ ವಿಷಯ

ಪಟ್ಟಿ ಮಾಡಿದರೆ ಮೂವತ್ತು ಸಮಸ್ಯೆ ಬರುತ್ತದೆ. ಮೂರನ್ನು ಮಾತ್ರ ಆರಿಸಿ. ಆರಿಸಲು ಎರಡು ಪ್ರಶ್ನೆ ಸಾಕು: ಎಷ್ಟು ಕುದುರೆಗಳಿಗೆ ತೊಂದರೆ, ಮತ್ತು ನಮ್ಮ ಸಲಹೆಯಿಂದ ಏನಾದರೂ ಬದಲಾಗುತ್ತದೆಯಾ?

ರೋಗ ತಡೆಗೆ ಮೂರರಲ್ಲಿ ಒಂದು ಜಾಗ ಸದಾ ಇಡಿ. ಯಾಕೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ಕಥೆ ಕೇಳಿ. ಕುದುರೆ ಜ್ವರ, ಅಂದರೆ ಕುದುರೆಗಳ ಇನ್‌ಫ್ಲುಯೆಂಜಾ, 2007 ರ ಆಗಸ್ಟ್‌ವರೆಗೆ ಆ ದೇಶಕ್ಕೆ ಕಾಲಿಟ್ಟಿರಲಿಲ್ಲ. ಹೊರದೇಶದಿಂದ ತಂದು ಪ್ರತ್ಯೇಕವಾಗಿ ಇಟ್ಟಿದ್ದ ಕುದುರೆಗಳಿಂದ ವೈರಾಣು ಹೊರಗೆ ನುಸುಳಿತು. ಕುದುರೆಗಳು ಸೇರುವ ಸ್ಪರ್ಧೆಗಳ ಮೂಲಕ ಎರಡು ರಾಜ್ಯಗಳಲ್ಲಿ ಸಾವಿರಾರು ಲಾಯಗಳಿಗೆ ಹರಡಿತು. ಕುದುರೆಗಳ ಓಡಾಟ ನಿಲ್ಲಿಸಿ, ಲಸಿಕೆ ಹಾಕಿ, ಡಿಸೆಂಬರ್ ಕೊನೆಯ ಹೊತ್ತಿಗೆ ಹತೋಟಿಗೆ ತಂದರು. ಅಲ್ಲಿಯವರೆಗೆ ರೇಸಿನವರಿಂದ ಹಿಡಿದು ಲಾಳ ಕಟ್ಟುವವರವರೆಗೆ ಎಷ್ಟೋ ಜನರಿಗೆ ಕೆಲಸವಿಲ್ಲ. ಈ ರೋಗದಿಂದ ಸಾಯುವ ಕುದುರೆಗಳು ಕಡಿಮೆ, ಆದರೂ ಉದ್ಯಮ ತಿಂಗಳುಗಟ್ಟಲೆ ಮಲಗಿತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ ನಮಗೆ ಬೇಡ.

ಹಾಗಾದರೆ ಸಲಹೆ ಹೇಗಿರಬೇಕು? "ರೋಗದ ಬಗ್ಗೆ ಜಾಗೃತಿ ಮೂಡಿಸಬೇಕು" ಅಂತ ಬರೆದರೆ ಅದು ಸಲಹೆಯೇ ಅಲ್ಲ. ಹೀಗೆ ಬರೆಯಿರಿ: ಹೊಸದಾಗಿ ಬಂದ ಕುದುರೆಯನ್ನು 14 ರಿಂದ 21 ದಿನ ಬೇರೆ ಇಡಬೇಕು. ಅದಕ್ಕೆ ಬೇರೆ ಬಕೆಟ್, ಬೇರೆ ಬ್ರಷ್. ಅದರ ಕೆಲಸವನ್ನು ಬೇರೆಯವರು ಮಾಡಲಿ, ಆಗದಿದ್ದರೆ ಎಲ್ಲ ಕುದುರೆಗಳ ಕೆಲಸ ಮುಗಿದ ಮೇಲೆ ಕೊನೆಗೆ ಮಾಡಲಿ. ದಿನಕ್ಕೆ ಎರಡು ಸಲ ಮೈಬಿಸಿ ನೋಡಿ ಬಾಗಿಲಿನ ಹಾಳೆಯಲ್ಲಿ ಬರೆಯಲಿ.

ಮೈಬಿಸಿಯ ಮೇಲೆ ಇಷ್ಟು ಒತ್ತು ಯಾಕೆ ಅಂದರೆ, ಸ್ಟ್ರ್ಯಾಂಗಲ್ಸ್ ಅನ್ನುವ ರೋಗ ಇದೆ. ದವಡೆಯ ಕೆಳಗಿನ ಗಂಟು ಊದಿ, ಕೀವು ಕಟ್ಟಿ, ಮೂಗಿನಿಂದ ಸುರಿಯುವ ರೋಗ. ಬೇಗ ಹರಡುತ್ತದೆ. ಇದರಲ್ಲಿ ಮೊದಲು ಬರುವುದು ಜ್ವರ. ಮೂಗಿನಿಂದ ರೋಗಾಣು ಹೊರಬೀಳಲು ಸಾಮಾನ್ಯವಾಗಿ ಅದರ ಮೇಲೆ ಎರಡು ಮೂರು ದಿನ ಬೇಕು. ಜ್ವರ ಕಂಡ ದಿನವೇ ಕುದುರೆಯನ್ನು ಬೇರೆ ಕಟ್ಟಿದರೆ ಪಕ್ಕದ ಕುದುರೆ ಉಳಿಯುತ್ತದೆ. ಗಂಟು ಕಂಡ ಮೇಲೆ ಎದ್ದರೆ ಹೊತ್ತು ಮೀರಿರುತ್ತದೆ. ಇನ್ನೊಂದು ತೊಡಕೂ ಇದೆ. ವಾಸಿಯಾದ ಕೆಲವು ಕುದುರೆಗಳು ಗಂಟಲಿನ ಚೀಲದಲ್ಲಿ ರೋಗಾಣುವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇಟ್ಟುಕೊಂಡಿರುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಹಾಗಾಗಿ ವಾಸಿಯಾದ ಕುದುರೆಯನ್ನು ಪರೀಕ್ಷೆ ಮಾಡಿಸದೆ ಬೇರೆ ಲಾಯಕ್ಕೆ ಕಳಿಸಬಾರದು ಅನ್ನುವುದೂ ಸಲಹೆಯಲ್ಲಿ ಸೇರಲಿ. ಇನ್ನು ಗ್ಲಾಂಡರ್ಸ್‌ನಂಥ ರೋಗ ಮನುಷ್ಯರಿಗೂ ಅಂಟುತ್ತದೆ. ಅನುಮಾನ ಬಂದರೆ ಗುಂಪಿನಲ್ಲಿ ಚರ್ಚೆಗೆ ಕೂರುವುದಲ್ಲ, ಆ ಗಳಿಗೆಯಲ್ಲೇ ಸರ್ಕಾರಿ ಪಶುವೈದ್ಯಾಧಿಕಾರಿಗೆ ತಿಳಿಸಬೇಕು.

ಜಂತುಹುಳದ ವಿಷಯದಲ್ಲಿ ಹಳೆಯ ಅಭ್ಯಾಸ ಬಿಡಿಸುವುದೇ ದೊಡ್ಡ ಕೆಲಸ. ಎಲ್ಲ ಕುದುರೆಗಳಿಗೂ ಎರಡು ತಿಂಗಳಿಗೊಮ್ಮೆ ಔಷಧ ಹಾಕುವ ರೂಢಿ ಎಷ್ಟೋ ಕಡೆ ಇದೆ. ನಿಜ ಏನೆಂದರೆ ಒಂದು ಗುಂಪಿನ ದೊಡ್ಡ ಕುದುರೆಗಳಲ್ಲಿ ಸುಮಾರು ಶೇ 20 ರಷ್ಟು ಕುದುರೆಗಳೇ ಒಟ್ಟು ಹುಳುಮೊಟ್ಟೆಗಳಲ್ಲಿ ಸುಮಾರು ಶೇ 80 ರಷ್ಟನ್ನು ಹೊರಹಾಕುತ್ತವೆ. ಲದ್ದಿ ಪರೀಕ್ಷೆ ಮಾಡಿಸಿದರೆ ಅವು ಯಾವುವು ಅಂತ ಗೊತ್ತಾಗುತ್ತದೆ. ಹತ್ತು ಲಾಯದವರು ಸೇರಿ ಒಂದೇ ದಿನ ಲದ್ದಿ ಮಾದರಿ ಕಳಿಸುವ ಏರ್ಪಾಡು ಮಾಡಿಕೊಂಡರೆ ಖರ್ಚೂ ತಗ್ಗುತ್ತದೆ. ಸಲಹೆಗಾರರ ಗುಂಪಿಗೆ ಇದು ಹೇಳಿ ಮಾಡಿಸಿದ ಕೆಲಸ.

ಉಳಿದ ಎರಡು ವಿಷಯ ನಿಮ್ಮ ಎಣಿಕೆ ಹೇಳಿದ ಹಾಗೆ. ಲದ್ದಿಯ ವಿಲೇವಾರಿ ಇರಬಹುದು. ರಾಶಿಯ ಒಳಗಿನ ಬಿಸಿ 55 ಡಿಗ್ರಿ ದಾಟಿ ಕೆಲವು ದಿನ ನಿಂತು, ಮಗುಚಿ ಹಾಕಿದರೆ ಹುಳುಮೊಟ್ಟೆ ಸಾಯುತ್ತದೆ, ಗೊಬ್ಬರಕ್ಕೆ ಗಿರಾಕಿ ಸಿಗುತ್ತಾರೆ. ಬೆಂಕಿ, ನೆರೆಯ ತಯಾರಿ ಇರಬಹುದು. ಶೇ 20 ಕ್ಕಿಂತ ಜಾಸ್ತಿ ತೇವ ಇರುವ ಹುಲ್ಲನ್ನು ಪೆಂಡಿ ಕಟ್ಟಿ ಒಟ್ಟಿದರೆ ಒಳಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಆದ್ದರಿಂದ ಹುಲ್ಲಿನ ಕೊಟ್ಟಿಗೆ ಲಾಯದಿಂದ ದೂರ ಇರಬೇಕು. ವಾಹನ ಹತ್ತದ ಕುದುರೆಯನ್ನು ನೆರೆ ಬಂದ ರಾತ್ರಿ ಹತ್ತಿಸಲು ಆಗುವುದಿಲ್ಲ, ಅದಕ್ಕೆ ಮೊದಲೇ ಅಭ್ಯಾಸ ಬೇಕು. ಕುತ್ತಿಗೆಯಲ್ಲಿ 15 ಅಂಕಿಯ ಮೈಕ್ರೋಚಿಪ್ ಇದ್ದರೆ ಚದುರಿದ ಕುದುರೆಗಳನ್ನು ಯಾರದ್ದು ಅಂತ ಗುರುತಿಸಬಹುದು.

ಹೆಜ್ಜೆ 7: ಸಭೆ

ಎರಡು ತಿಂಗಳಿಗೊಂದು, ಎರಡು ಗಂಟೆ. ವಿಷಯಪಟ್ಟಿ ಒಂದು ವಾರ ಮೊದಲು ಎಲ್ಲರ ಕೈಯಲ್ಲಿ ಇರಲಿ.

ನಡಾವಳಿಯಲ್ಲಿ "ಚರ್ಚಿಸಲಾಯಿತು", "ಗಮನಿಸಲಾಯಿತು" ಅನ್ನುವ ಪದಗಳನ್ನು ನಿಷೇಧಿಸಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅದು. ಏನು ನಿರ್ಧಾರ, ಯಾರು ಮಾಡುತ್ತಾರೆ, ಯಾವ ತಾರೀಖಿನೊಳಗೆ. ಈ ಮೂರು ಇಲ್ಲದ ಸಾಲನ್ನು ಹೊಡೆದುಹಾಕಿ. ಅಧ್ಯಕ್ಷರ ಮೊದಲ ಕೆಲಸ, ಮೂಲೆಯಲ್ಲಿ ಸುಮ್ಮನೆ ಕೂತವರನ್ನು ಹೆಸರು ಹಿಡಿದು ಕೇಳುವುದು. ದೊಡ್ಡ ಗಂಟಲಿನವರು ಮಾತು ಮುಗಿಸಿದ ಮೇಲೆ ಕೇಳಿದರೆ ಉಪಯೋಗವಿಲ್ಲ, ಎಲ್ಲರೂ ತಲೆಯಾಡಿಸಿಬಿಡುತ್ತಾರೆ. ಮೊದಲು ಲಾಯದ ಕೆಲಸಗಾರರು ಮಾತಾಡಲಿ, ಆಮೇಲೆ ಮಾಲೀಕರು.

ಹೆಜ್ಜೆ 8: ಸಲಹೆಯ ಪತ್ರ

ಒಂದು ಪತ್ರಕ್ಕೆ ಒಂದೇ ಸಲಹೆ. ಐದು ಸೇರಿಸಿದರೆ ಸುಲಭವಾದ ಒಂದನ್ನು ಮಾಡಿ ಉಳಿದದ್ದನ್ನು ಮರೆಯುತ್ತಾರೆ. ಮೊದಲ ಸಾಲಿನಲ್ಲೇ ಏನು ಬೇಕು ಅಂತ ಹೇಳಿ. ಆಮೇಲೆ ಯಾಕೆ ಅನ್ನುವುದಕ್ಕೆ ನಿಮ್ಮದೇ ಎಣಿಕೆಯ ಅಂಕಿ. ಖರ್ಚು ಎಷ್ಟು, ಯಾರಿಗೆ ಹೊರೆ ಬೀಳುತ್ತದೆ ಅನ್ನುವುದನ್ನು ಮುಚ್ಚಿಡಬೇಡಿ. ಗುಂಪಿನಲ್ಲಿ ಒಪ್ಪದವರು ಇದ್ದರೆ ಅವರ ಕಾರಣವನ್ನೂ ಎರಡು ಸಾಲಿನಲ್ಲಿ ಸೇರಿಸಿ. ಭಿನ್ನಮತ ತೋರಿಸಿದರೆ ಪತ್ರದ ತೂಕ ಕಡಿಮೆಯಾಗುತ್ತದೆ ಅಂತ ಕೆಲವರು ಹೆದರುತ್ತಾರೆ. ಓದುವವರು ದಡ್ಡರಲ್ಲ. ಹನ್ನೊಂದು ಕುದುರೆ ಜನ ಎಲ್ಲದಕ್ಕೂ ಒಮ್ಮತ ಅಂದರೆ ಅವರೇ ನಂಬುವುದಿಲ್ಲ.

ಹೆಜ್ಜೆ 9: ಲಾಯಕ್ಕೆ ಹೋಗಿ

ನಾನಿದ್ದ ಒಂದು ಗುಂಪಿನಲ್ಲಿ ಹೊಸ ಕುದುರೆಗಳನ್ನು ಬೇರೆ ಕಟ್ಟುವ ಬಗ್ಗೆ ಚೆಂದದ ಕರಪತ್ರ ಮಾಡಿದೆವು. ಮುದ್ರಿಸಿ ಹಂಚಿದೆವು. ಆರು ತಿಂಗಳ ಮೇಲೆ ಲಾಯಗಳಿಗೆ ಹೋಗಿ ನೋಡಿದರೆ ಕರಪತ್ರ ಕಚೇರಿಯ ಗೋಡೆ ಮೇಲಿತ್ತು. ಕುದುರೆ ನೋಡಿಕೊಳ್ಳುವ ಹುಡುಗರು ಕಚೇರಿಗೆ ಹೋಗುವುದೇ ಇಲ್ಲ. ಅವರಲ್ಲಿ ಹಲವರಿಗೆ ಆ ಭಾಷೆ ಓದಲೂ ಬರುತ್ತಿರಲಿಲ್ಲ. ಥರ್ಮಾಮೀಟರ್ ಎಲ್ಲಿ ಅಂತ ಕೇಳಿದೆ. ಮಾಲೀಕರ ಬೀರುವಿನಲ್ಲಿ, ಬೀಗ ಹಾಕಿ.

ಆಮೇಲೆ ಮಾಡಿದ್ದು ಇಷ್ಟೇ. ಕರಪತ್ರದ ಬದಲು ಚಿತ್ರದ ಹಲಗೆ, ಅದೂ ನೀರಿನ ತೊಟ್ಟಿಯ ಪಕ್ಕ. ಹಲಗೆಗೆ ದಾರದಲ್ಲಿ ಕಟ್ಟಿದ ಥರ್ಮಾಮೀಟರ್. ಲಾಳ ಕಟ್ಟುವವರು ಬಂದಾಗಲೆಲ್ಲ ಬಾಗಿಲಿನ ಹಾಳೆ ತುಂಬಿದೆಯಾ ಅಂತ ಒಂದು ಕಣ್ಣು ಹಾಕಿ ನಮಗೆ ಹೇಳುತ್ತಿದ್ದರು. ದೂರಿನ ಹಾಗಲ್ಲ, ಎಷ್ಟು ಲಾಯ, ಎಷ್ಟು ಹಾಳೆ ಅಂತ ಬರೀ ಲೆಕ್ಕ.

ಹಾಗಾಗಿ ಪ್ರತಿ ಸಲಹೆಯ ಜೊತೆ ಪರೀಕ್ಷೆಯ ದಿನವನ್ನೂ ಬರೆದುಕೊಳ್ಳಿ. ಮೂರು ತಿಂಗಳಿಗೊಮ್ಮೆ ಇಬ್ಬಿಬ್ಬರು ಸೇರಿ ಐದು ಲಾಯಕ್ಕೆ ಹೋಗಿ. ಹೇಳಿಯೇ ಹೋಗಿ, ನೀವು ತಪಾಸಣೆಯವರಲ್ಲ. ಒಂದು ಲಾಯದಿಂದ ಇನ್ನೊಂದಕ್ಕೆ ಹೋಗುವ ಮೊದಲು ಕೈ ತೊಳೆಯಿರಿ, ಬೂಟು ತೊಳೆಯಿರಿ. ರೋಗ ತಡೆಯ ಸಲಹೆ ಕೊಟ್ಟವರೇ ರೋಗ ಹೊತ್ತು ತಂದರೆ ನಗೆಪಾಟಲು. ಮಾಲೀಕರ ಜೊತೆ ಹತ್ತು ನಿಮಿಷ ಸಾಕು, ಕೆಲಸಗಾರರ ಜೊತೆ ಅರ್ಧ ಗಂಟೆ ಇರಿ. "ಇದನ್ನು ಯಾಕೆ ಮಾಡಿಲ್ಲ?" ಅನ್ನಬೇಡಿ. "ಇದನ್ನು ಮಾಡಲು ಏನು ಅಡ್ಡ ಬರುತ್ತದೆ?" ಅಂತ ಕೇಳಿ. ಮೊದಲ ಪ್ರಶ್ನೆಗೆ ನೆಪ ಸಿಗುತ್ತದೆ. ಎರಡನೆಯದಕ್ಕೆ ಬೀಗ ಹಾಕಿದ ಬೀರು ಸಿಗುತ್ತದೆ.

ಹೆಜ್ಜೆ 10: ದೂರು ಬಂದಾಗ

ಎಲ್ಲೋ ಒಂದು ಕುದುರೆಗೆ ಹಿಂಸೆಯಾಗುತ್ತಿದೆ, ಹಸಿವಿನಲ್ಲಿದೆ ಅಂತ ಯಾರಾದರೂ ನಿಮ್ಮ ಕಿವಿಗೆ ಹಾಕುತ್ತಾರೆ. ಒಳಗೊಳಗೇ ಬಗೆಹರಿಸೋಣ, ಹೆಸರು ಕೆಡುತ್ತದೆ ಅನ್ನುವ ಆಸೆ ಬರುತ್ತದೆ. ಬೇಡ. ಕಾನೂನು ಪ್ರಕಾರ ಅಧಿಕಾರ ಇರುವವರಿಗೆ ದೂರನ್ನು ದಾಟಿಸಿ, ದಾಟಿಸಿದ ದಿನ ಬರೆದಿಡಿ, ಹೇಳಿದವರ ಹೆಸರು ಗುಟ್ಟಾಗಿಡಿ. ಆ ಲಾಯ ಗುಂಪಿನ ಸದಸ್ಯರದ್ದೇ ಆಗಿದ್ದರೆ ವಿಚಾರಣೆ ಮುಗಿಯುವವರೆಗೆ ಅವರು ಸಭೆಗೆ ಬರಬಾರದು. ಈ ನಿಯಮವನ್ನು ಯಾರ ಮೇಲೂ ದೂರು ಇಲ್ಲದ ದಿನವೇ ಬರೆದಿಟ್ಟುಕೊಳ್ಳಿ. ದೂರು ಬಂದ ದಿನ ಬರೆಯಲು ಕೂತರೆ ಅದು ಒಬ್ಬರ ವಿರುದ್ಧ ಬರೆದ ಹಾಗೆ ಕಾಣುತ್ತದೆ.

ಹೆಜ್ಜೆ 11: ಬಿಟ್ಟು ಹೋಗುವುದು

ಮೂರು ವರ್ಷವಾದ ಮೇಲೆ ಎದ್ದು ಹೋಗಿ. ಹಳಬರು ಕೂತೇ ಇದ್ದರೆ ಹೊಸಬರು ಬಾಯಿ ತೆರೆಯುವುದಿಲ್ಲ. ಹೋಗುವ ಮೊದಲು ಒಂದು ಸಭೆಯಲ್ಲಿ ನಿಮ್ಮ ಜಾಗಕ್ಕೆ ಬಂದವರ ಪಕ್ಕದಲ್ಲಿ ಸುಮ್ಮನೆ ಕೂರಿ, ಕೇಳಿದರೆ ಮಾತ್ರ ಹೇಳಿ.

ಅವರ ಕೈಗೆ ಒಂದು ಕಡತ ಕೊಡಿ. ಒಂದು ಪುಟದ ಒಪ್ಪಂದ, ಎಣಿಕೆಯ ಹಾಳೆ, ಕಳಿಸಿದ ಪತ್ರಗಳು, ಬಂದ ಉತ್ತರಗಳು. ಉತ್ತರ ಬಾರದವುಗಳ ಪಟ್ಟಿ ಬೇರೆ ಇರಲಿ, ಕೆಂಪು ಶಾಯಿಯಲ್ಲಿ. ಲಾಯಗಳ ಭೇಟಿಯ ಟಿಪ್ಪಣಿ ಇರಲಿ. ಯಾವ ಲಾಯದಲ್ಲಿ ಯಾರನ್ನು ಮಾತಾಡಿಸಿದರೆ ನಿಜ ಗೊತ್ತಾಗುತ್ತದೆ ಅನ್ನುವುದನ್ನು ಮಾತ್ರ ಕಾಗದದಲ್ಲಿ ಬರೆಯಬೇಡಿ. ಒಂದು ದಿನ ಅವರನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ.